ಧಾರೆ ಹೊತ್ತಿಗೇ ನಿಲ್ಲುತ್ತಿದ್ದ ಮದುವೆ ವಿಡಿಯೊ

ಅಕ್ಕನ ಮದುವೆ ಆದದ್ದು 2004ರಲ್ಲಿ. ವಿಡಿಯೊದವರು ಕೊಟ್ಟ ಡಿವಿಡಿ ಗೀರು ಬಿದ್ದು ಯಾವಾಗಲೋ ಹಾಳಾಗಿತ್ತು. ಪುಣ್ಯಕ್ಕೆ ಮೂಲ ಮಿನಿ ಡಿವಿ ಕ್ಯಾಸೆಟ್‌ಗಳು ಭಾವನ ಬೀರುವಿನಲ್ಲಿ ಸಿಕ್ಕವು. ಹಳೇ ಕ್ಯಾಮೆರಾ ಒಂದನ್ನು ಹುಡುಕಿ, ಫೈರ್‌ವೈರ್ ಕೇಬಲ್ ಹಾಕಿ, ಎಲ್ಲವನ್ನೂ ಮಹಡಿ ಮೇಲಿನ ಕಂಪ್ಯೂಟರಿಗೆ ಇಳಿಸಿದೆ. ಅಲ್ಲಿಂದ ಜೆಲ್ಲಿಫಿನ್ ಅನ್ನುವ ಉಚಿತ ಸಾಫ್ಟ್‌ವೇರ್ ಮೂಲಕ ಕೆಳಗಿನ ಹಾಲಿನ ಟಿವಿಗೆ. ಎಲ್ಲರನ್ನೂ ಕೂರಿಸಿ ಹಾಕಿದರೆ, ವಿಡಿಯೊ ಓಡಿದ್ದು ಕುಂಟುತ್ತಾ.

“ಧಾರೆ ಎರೆಯೋದು ಬಿಟ್ಟು ಅದೇನೋ ಉಂಗುರ ತಿರುಗ್ತಾ ಕೂತಿದೆಯಲ್ಲೋ” ಅಂದರು ದೊಡ್ಡಮ್ಮ.

ಭಾವ ತಕ್ಷಣ ಹೇಳಿದ್ದು, ಇಂಟರ್ನೆಟ್ ಪ್ಲಾನ್ ದೊಡ್ಡದು ಮಾಡಿಸು ಅಂತ. ಹೆಚ್ಚಿನವರು ಹೇಳುವುದೂ ಇದನ್ನೇ. ಹಿತ್ತಲ ಬಾವಿಯಿಂದ ಬಚ್ಚಲಿಗೆ ನೀರು ಹೊರುವುದಕ್ಕೆ ನಲ್ಲಿ ಕನೆಕ್ಷನ್ ದೊಡ್ಡದು ಮಾಡಿಸಿದ ಹಾಗಾಯಿತು! ನಮ್ಮ ವಿಡಿಯೊ ಮನೆಯಿಂದ ಆಚೆಗೇ ಹೋಗುವುದಿಲ್ಲ. ಕಂಪ್ಯೂಟರಿನಿಂದ ರೂಟರ್, ರೂಟರಿನಿಂದ ಟಿವಿ, ಅಷ್ಟೇ ದಾರಿ. ನಂಬಿಕೆ ಬರದಿದ್ದರೆ ರೂಟರ್ ಆನ್ ಇಟ್ಟುಕೊಂಡೇ ಹೊರಗಿನ ಇಂಟರ್ನೆಟ್ ತಂತಿ ಕಳಚಿ ನೋಡಿ. ವಿಡಿಯೊ ಮೊದಲು ಹೇಗೆ ಓಡುತ್ತಿತ್ತೋ ಹಾಗೇ ಓಡುತ್ತೆ, ಹಾಗೇ ನಿಲ್ಲುತ್ತೆ. ಭಾವನ ಎದುರಿಗೇ ಕಳಚಿ ತೋರಿಸಿದೆ. ಆಮೇಲೆ ಪ್ಲಾನ್ ಸುದ್ದಿ ಎತ್ತಲಿಲ್ಲ.

ಹಾಗಾದರೆ ತೊಂದರೆ ಇರುವುದು ಎರಡು ಕಡೆ. ಕಂಪ್ಯೂಟರಿಗೆ ಸುಸ್ತಾಗುತ್ತಿದೆ, ಇಲ್ಲವೇ ದಾರಿ ಸರಿಯಿಲ್ಲ. ನಮ್ಮಲ್ಲಿ ಎರಡೂ ಇತ್ತು.

ವಿಡಿಯೊ ಓಡುವಾಗ ಜೆಲ್ಲಿಫಿನ್‌ನ ಡ್ಯಾಶ್‌ಬೋರ್ಡ್ ತೆರೆದು ನೋಡಿ. ‘ಡೈರೆಕ್ಟ್ ಪ್ಲೇ’ ಅಂತಿದ್ದರೆ ಫೈಲ್ ಇದ್ದ ಹಾಗೇ ಟಿವಿಗೆ ಹೋಗುತ್ತಿದೆ. ‘ಟ್ರಾನ್ಸ್‌ಕೋಡಿಂಗ್’ ಅಂತಿದ್ದರೆ ಕಂಪ್ಯೂಟರ್ ಅದನ್ನು ಆ ಕ್ಷಣದಲ್ಲೇ ಬೇರೆ ರೂಪಕ್ಕೆ ಬದಲಾಯಿಸಿ ಕಳಿಸುತ್ತಿದೆ. ಮಿನಿ ಡಿವಿಯಿಂದ ಇಳಿಸಿದ ಫೈಲನ್ನು ನಮ್ಮ ಟಿವಿ ನೇರವಾಗಿ ಓದುವುದಿಲ್ಲ. ಗಂಟೆಗೆ ಸುಮಾರು 13 ಜಿಬಿ ತೂಗುವ ಆ ಫೈಲನ್ನು ನನ್ನ ಹಳೇ ಡೆಸ್ಕ್‌ಟಾಪ್ ಬದಲಾಯಿಸುತ್ತಾ ಕೂತಿತ್ತು. ಪ್ರೊಸೆಸರ್ 100 ಪರ್ಸೆಂಟ್ ಮುಟ್ಟಿ, ಫ್ಯಾನ್ ಸದ್ದು ಮೆಟ್ಟಿಲ ತನಕ ಕೇಳಿಸುತ್ತಿತ್ತು.

ಪ್ರತಿ ಸಲ ಮಾಡುವ ಕೆಲಸ ಒಂದೇ ಸಲ ಮಾಡಿ ಮುಗಿಸಿದರಾಯಿತು. ವಿಡಿಯೊ ರೂಪ ಬದಲಾಯಿಸುವ ಹ್ಯಾಂಡ್‌ಬ್ರೇಕ್ ಅನ್ನುವ ಸಾಫ್ಟ್‌ವೇರ್‌ಗೆ ರಾತ್ರಿ ಕೆಲಸ ಹಚ್ಚಿ ಮಲಗಿದೆ, ಎಲ್ಲವೂ ಟಿವಿ ನೇರವಾಗಿ ಓದುವ ಎಚ್.264 ಎಂಪಿ4 ರೂಪಕ್ಕೆ ಬಂದವು. ಸೆಕೆಂಡಿಗೆ 4 ಮೆಗಾಬಿಟ್ ಲೆಕ್ಕದಲ್ಲಿ ಗಂಟೆಗೆ 2 ಜಿಬಿಯೂ ಆಗಲಿಲ್ಲ. ಇಲ್ಲಿ ಒಂದು ವಿಷಯ ಮರೆಯಬೇಡಿ: ‘ಡಿಇಂಟರ್‌ಲೇಸ್’ ಆಯ್ಕೆ. ಆ ಕಾಲದಲ್ಲಿ ನಮ್ಮಲ್ಲಿದ್ದ, ಪಾಲ್ ಅನ್ನುವ ಟಿವಿ ಪದ್ಧತಿಯ ಕ್ಯಾಮೆರಾಗಳು ಒಂದು ಚಿತ್ರದ ಬೆಸ ಗೆರೆಗಳನ್ನು ಒಮ್ಮೆ, ಸಮ ಗೆರೆಗಳನ್ನು ಇನ್ನೊಮ್ಮೆ ಹಿಡಿಯುತ್ತಿದ್ದವು. ಅದನ್ನು ಸರಿಪಡಿಸದಿದ್ದರೆ ಅಕ್ಷತೆ ಹಾಕುವ ಕೈಗಳ ಅಂಚೆಲ್ಲಾ ಬಾಚಣಿಗೆ ಹಲ್ಲು. ಮತ್ತೆ, ಮೂಲ ಫೈಲ್‌ಗಳನ್ನು ಮಾತ್ರ ಅಳಿಸಬೇಡಿ. ಬೇರೆ ಹಾರ್ಡ್ ಡಿಸ್ಕಿಗೆ ಹಾಕಿಡಿ. ಹೊಸದು ಏನಿದ್ದರೂ ಗುಣಮಟ್ಟದಲ್ಲಿ ಸ್ವಲ್ಪ ಕಡಿಮೆಯೇ.

ಇಷ್ಟಕ್ಕೆ ಮುಕ್ಕಾಲು ಪಾಲು ಸರಿಹೋಯಿತು. ಆದರೂ ಆಗೊಮ್ಮೆ ಈಗೊಮ್ಮೆ ನಿಲ್ಲುತ್ತಿತ್ತು. ಅಡುಗೆಮನೆಯಲ್ಲಿ ಅಮ್ಮ ಮೈಕ್ರೋವೇವ್‌ನಲ್ಲಿ ಸಾರು ಬಿಸಿಗಿಟ್ಟರೆ ಸಾಕು, ಇಲ್ಲಿ ಪುರೋಹಿತರು ಬಾಯಿ ತೆರೆದ ಹಾಗೇ ನಿಂತುಬಿಡೋರು. ಕಾಕತಾಳೀಯ ಅಲ್ಲ. ಮೈಕ್ರೋವೇವ್ ಓವನ್ ಕೆಲಸ ಮಾಡುವುದೂ 2.4 ಗಿಗಾಹರ್ಟ್ಸ್ ತರಂಗಗಳ ಆಸುಪಾಸಿನಲ್ಲೇ, ನಮ್ಮ ಟಿವಿ ಹಿಡಿದಿದ್ದ ವೈಫೈಯೂ ಅಲ್ಲೇ. ಸಾಲದ್ದಕ್ಕೆ ಅಕ್ಕಪಕ್ಕದ ಮನೆಯವರ ವೈಫೈ ಎಲ್ಲಾ ಅದೇ ಜಾಗದಲ್ಲಿ. ಆ ತರಂಗಗಳ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ವೈಫೈ ಚಾನೆಲ್ ಅಂದರೆ 1, 6, 11, ಮೂರೇ.

ನಮ್ಮ ರೂಟರ್ ಬೇರೆ ಶೋಕೇಸಿನೊಳಗೆ, ಕನ್ನಡಿ ಹಿಂದೆ, ಸ್ಟೀಲ್ ಶೀಲ್ಡ್‌ಗಳ ಮಧ್ಯೆ, ಎಲ್ಲವೂ ಸಿಗ್ನಲ್‌ಗೆ ಅಡ್ಡ. ಚೆನ್ನಾಗಿ ಕಾಣಲ್ಲ ಅಂತ ಅಲ್ಲಿಟ್ಟಿದ್ದರಂತೆ. ತೆಗೆದು ಮೇಲಿನ ಹಲಗೆಗೆ ಇಟ್ಟಾಯಿತು. 5 ಗಿಗಾಹರ್ಟ್ಸಿಗೆ ಬದಲಾಯಿಸಿದರೆ ಮೈಕ್ರೋವೇವ್ ಕಾಟ ತಪ್ಪುತ್ತೆ, ಆದರೆ ಅದು ಗೋಡೆ, ಆರ್‌ಸಿಸಿ ಎಲ್ಲ ದಾಟುವಷ್ಟರಲ್ಲಿ ಸೊರಗಿಹೋಗುತ್ತೆ. ಕಂಪ್ಯೂಟರೂ ವೈಫೈಯಲ್ಲಿ, ಟಿವಿಯೂ ಅದೇ ವೈಫೈಯಲ್ಲಿ ಇದ್ದರೆ ಒಂದೇ ವಿಡಿಯೊ ಗಾಳಿಯಲ್ಲಿ ಎರಡು ಸಲ ಓಡಾಡಬೇಕು. ಅದು ಜಾಸ್ತಿ ಜನ ಗಮನಿಸುವುದೇ ಇಲ್ಲ.

ಕೊನೆಗೆ ಎಲೆಕ್ಟ್ರಿಷಿಯನ್ ಕರೆಸಿ ಮಹಡಿಯಿಂದ ರೂಟರಿಗೆ ಕ್ಯಾಟ್ 6 ಅನ್ನುವ ನೆಟ್‌ವರ್ಕ್ ಕೇಬಲ್ ಎಳೆಸಿದೆ. ಗೋಡೆ ಒಡೆಯಲಿಲ್ಲ, ಕೇಸಿಂಗ್ ಪಟ್ಟಿ ಹೊಡೆದು ಮೆಟ್ಟಿಲ ಪಕ್ಕದಿಂದ ಇಳಿಸಿದರು. ಕಂಪ್ಯೂಟರ್ ಒಂದಕ್ಕೇ ಕೇಬಲ್ ಹಾಕಿದರೂ ಅರ್ಧ ಭಾರ ಇಳಿಯುತ್ತೆ. ನಾನು ಟಿವಿಗೂ ಹಾಕಿಸಿದೆ. ಟಿವಿಯಲ್ಲಿ ಆ ಕೇಬಲ್ ಚುಚ್ಚುವ ಲ್ಯಾನ್ ಪೋರ್ಟ್ ಸೆಕೆಂಡಿಗೆ 100 ಮೆಗಾಬಿಟ್‌ದು ಮಾತ್ರ. ಎಷ್ಟೋ ಟಿವಿಗಳಲ್ಲಿ ಅಷ್ಟೇ ಇರುತ್ತೆ, ಅದಕ್ಕೆ ಚಿಂತೆ ಬೇಡ. ಅಕ್ಕನ ಮಗ ಮೊಬೈಲಿನಲ್ಲಿ ತೆಗೆದ 4ಕೆ ವಿಡಿಯೊ ಕೂಡ ಸೆಕೆಂಡಿಗೆ 50 ಮೆಗಾಬಿಟ್ ಆಸುಪಾಸು, ಆರಾಮಾಗಿ ಓಡುತ್ತೆ.

ಈಗ ದೊಡ್ಡಮ್ಮನ ತಕರಾರು ಬೇರೆ. ಊಟದ ಪಂಕ್ತಿ ಬಂದಾಗ ನಿಲ್ಲಿಸಬೇಕಂತೆ, ಯಾರ್ಯಾರು ಕೂತಿದ್ದಾರೆ ನೋಡೋಕೆ.