675 ಹುಡುಕಿದ ಮಳೆಗಾಲ

2014ರ ಆಷಾಢದಲ್ಲಿ ಅಪ್ಪನ ಹಳೇ ರೇಡಿಯೋ ಕೆಟ್ಟಿತು. ತೀರ್ಥಹಳ್ಳಿ ಪೇಟೆಗೆ ಒಯ್ದರೆ, ಇದರ ಪಾರ್ಟ್ ಈಗ ಸಿಗಲ್ಲ ಅಂದರು. ಅಪ್ಪ ಏನೂ ಹೇಳಲಿಲ್ಲ. ಆದರೆ ಬೆಳಿಗ್ಗೆ ಎದ್ದು ಬಂದವರು ಖಾಲಿ ಗೂಡಿನ ಕಡೆ ಒಮ್ಮೆ ನೋಡಿ, ಕಾಫಿ ಲೋಟ ಹಿಡಿದು ಜಗಲಿಗೆ ಹೋಗಿ ಕೂರುತ್ತಿದ್ದರು. ಅದನ್ನು ನೋಡೋಕೆ ನನಗೆ ಕಷ್ಟವಾಗುತ್ತಿತ್ತು.

ಅಡಿಕೆಗೆ ಎರಡನೇ ಸಲ ಬೋರ್ಡೋ (ಮೈಲುತುತ್ತು-ಸುಣ್ಣದ ದ್ರಾವಣ) ಹೊಡೆಯುವ ಹೊತ್ತು ಅದು. ಮಳೆ ಯಾವಾಗ ಹೊಳವಾಗುತ್ತದೆ ಅಂತ ಸುಳಿವು ಸಿಕ್ಕರೆ ಮರ ಹತ್ತುವವರಿಗೆ ಹೇಳಿ ಕಳಿಸಬಹುದು. ತಡವಾದರೆ ಕೊಳೆರೋಗ. ಮೊಬೈಲ್ ಸಿಗ್ನಲ್ ಬೇಕೆಂದರೆ ಮನೆ ಹಿಂದಿನ ಗುಡ್ಡ ಹತ್ತಬೇಕು. ಹಾಗಾಗಿ ನಮಗೆ ಹವಾಮಾನ ಅಂದರೆ ಭದ್ರಾವತಿ ಆಕಾಶವಾಣಿಯೇ. 1965ರಿಂದ ಇರುವ ಕೇಂದ್ರ, ಮೀಡಿಯಂ ವೇವ್‌ನಲ್ಲಿ 675 ಕಿಲೋಹರ್ಟ್ಸ್. ಎಫ್‌ಎಂ 103.5 ಕೂಡ ಇದೆ. ಆದರೆ ಎಫ್‌ಎಂ ಅಲೆ ನೆಟ್ಟಗೆ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ಅಲ್ಲಿಗೇ ಮುಗೀತು. ನಮ್ಮ ಮನೆ ಇರುವುದು ಕಣಿವೆಯ ತಳದಲ್ಲಿ. ಮೀಡಿಯಂ ವೇವ್‌ನ ಒಂದೊಂದು ಅಲೆ ನಾನೂರು ಮೀಟರಿಗಿಂತ ಜಾಸ್ತಿ ಉದ್ದ. ಅದು ನೆಲ ಹಿಡಿದು, ಗುಡ್ಡ ಬಳಸಿ ಬರುತ್ತದೆ. ಮಲೆನಾಡಿಗೆ ಹೇಳಿ ಮಾಡಿಸಿದ ಹಾಗೆ.

ನನ್ನ ಹತ್ತಿರ ಲ್ಯಾಪ್‌ಟಾಪಿಗೆ ಸಿಕ್ಕಿಸುವ ಒಂದು ಯುಎಸ್‌ಬಿ ರೇಡಿಯೋ ಇತ್ತು. ಒಳಗೆ ಟಿಇಎ5777 ಚಿಪ್. ಎಫ್‌ಎಂ, ಎಎಂ (ಮೀಡಿಯಂ ವೇವ್ ಬರುವುದು ಇದರಲ್ಲೇ) ಎರಡೂ ಹಿಡಿಯುತ್ತದೆ. ಶನಿವಾರ ಬೆಂಗಳೂರಿಂದ ಬಸ್ಸಿಳಿದವನೇ ಅದನ್ನು ಲಿನಕ್ಸ್‌ಗೆ (ವಿಂಡೋಸ್ ಥರದ ಇನ್ನೊಂದು ವ್ಯವಸ್ಥೆ) ಹಚ್ಚಿ ಕೂತೆ. ಸ್ಟೇಶನ್‌ಗಳನ್ನು ತಾನೇ ಹುಡುಕಿ ಪಟ್ಟಿ ಕೊಡುವ ಸಣ್ಣ ಪ್ರೋಗ್ರಾಂ ಮಾಡಿ, ಅಪ್ಪ ಒಂದೇ ಕೀಲಿ ಒತ್ತಿದರೆ ಸಾಕು ಅನ್ನೋ ಹಾಗೆ ಮಾಡಬೇಕು ಅಂತ ಆಸೆ.

ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳು ಇಂಥ ಟ್ಯೂನರ್‌ಗಳ ಜೊತೆ ಮಾತಾಡುವುದು ವಿ4ಎಲ್2 ಅನ್ನೋ ಪದ್ಧತಿಯ ಮೂಲಕ. ಅದರಲ್ಲಿ ಜಿ-ಟ್ಯೂನರ್ ಅಂತ ಒಂದು ಕರೆ ಇದೆ, ಅಂದರೆ ಪ್ರೋಗ್ರಾಂ ಕೇಳುವ ಒಂದು ಪ್ರಶ್ನೆ. ನಿನ್ನ ವ್ಯಾಪ್ತಿ ಎಷ್ಟು ಅಂತ ಕೇಳಿದರೆ ಎರಡು ಅಂಕಿ ಕೊಡುತ್ತದೆ. ನನಗೆ ಸಿಕ್ಕಿದ್ದು 8480 ಮತ್ತು 1728000. ಇಲ್ಲಿ ಒಂದು ಯೂನಿಟ್ ಅಂದರೆ 62.5 ಹರ್ಟ್ಸ್. ಹದಿನಾರರಿಂದ ಭಾಗಿಸಿದರೆ ಕಿಲೋಹರ್ಟ್ಸ್ ಬರುತ್ತದೆ. ಅಂದರೆ 530 ಕಿಲೋಹರ್ಟ್ಸ್‌ನಿಂದ 108 ಮೆಗಾಹರ್ಟ್ಸ್. ಅಬ್ಬಾ, ಇಷ್ಟು ದೊಡ್ಡ ಹರವು! ಈ ತುದಿಯಿಂದ ಆ ತುದಿಗೆ ಒಂದೊಂದೇ ಹೆಜ್ಜೆ ಹುಡುಕುತ್ತಾ ಹೋಗುವ ಒಂದೇ ಲೂಪ್ ಹಾಕಿ ಓಡಿಸಿದೆ.

ಲೂಪ್ ಓಡುತ್ತಲೇ ಇತ್ತು. ಎಲ್ಲೂ ಎರರ್ ಇಲ್ಲ. ಕಿವಿಗೆ ಮಾತ್ರ ಒಂದೇ ಥರದ ಸರಸರ ಶಬ್ದ, ಹೊರಗಿನ ಮಳೆಗೂ ಅದಕ್ಕೂ ವ್ಯತ್ಯಾಸವೇ ಗೊತ್ತಾಗುತ್ತಿರಲಿಲ್ಲ. ಕರೆಂಟ್ ಎರಡು ಸಲ ಹೋಗಿ ಬಂತು. ಕೊನೆಗೆ, ನಾನು ಕೇಳಿದ ಫ್ರೀಕ್ವೆನ್ಸಿಗೇ ಅದು ಹೋಗಿದೆಯಾ ಅಂತ ತಿರುಗಿ ಓದಿ ನೋಡಿದೆ. 5000 ಕಿಲೋಹರ್ಟ್ಸ್ ಕೇಳಿದ್ದೆ. ನಿಂತಿದ್ದು 1710ರಲ್ಲಿ. 10000 ಕೇಳಿದರೂ 1710. 25000 ಕೇಳಿದರೆ ನೆಗೆದು 76000ಕ್ಕೆ. ಆಗಲೇ ವಿಷಯ ಹೊಳೆದಿದ್ದು. ನಡುವೆ ಏನೂ ಇಲ್ಲ! ಆ ಎರಡು ಅಂಕಿ ಎರಡು ಬೇರೆ ಬೇರೆ ತೋಟಗಳ ಆಚೀಚೆಯ ಬೇಲಿ ಮಾತ್ರ. ನಡುವಿನ ಜಾಗ ಕೇಳಿದರೆ ಡ್ರೈವರ್ (ಯಂತ್ರವನ್ನು ನಡೆಸುವ ತಂತ್ರಾಂಶ) ಸುಮ್ನೆ ಎರಡರಲ್ಲಿ ಒಂದು ತೋಟದ ಅಂಚಿಗೆ ತಂದು ನಿಲ್ಲಿಸುತ್ತದೆ.

ಇದಕ್ಕೆಂದೇ ಇನ್ನೊಂದು ಕರೆ ಇದೆ, ಎನಮ್-ಫ್ರೀಕ್-ಬ್ಯಾಂಡ್ಸ್. 2012ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ನ 3.6 ಆವೃತ್ತಿಯ ಜೊತೆ ಬಂದದ್ದು. ಅದು ಇದೆ ಅಂತ ಹೇಳುವ ಗುರುತು ಮೊದಲು ಕೇಳಿದ ಜಿ-ಟ್ಯೂನರ್ ಉತ್ತರದಲ್ಲೇ ಇತ್ತು, ನಾನು ಆ ಕಡೆ ನೋಡಿರಲೇ ಇಲ್ಲ. ಬ್ಯಾಂಡ್‌ಗಳನ್ನು, ಅಂದರೆ ಆ ತೋಟಗಳನ್ನು, ಒಂದೊಂದಾಗಿ ಕೇಳಬೇಕು. ಇಂಡೆಕ್ಸ್ 0 ಕೊಟ್ಟೆ: 76ರಿಂದ 108 ಮೆಗಾಹರ್ಟ್ಸ್, ಮಾಡ್ಯುಲೇಶನ್ ಎಫ್‌ಎಂ. ಇಂಡೆಕ್ಸ್ 1: 530ರಿಂದ 1710 ಕಿಲೋಹರ್ಟ್ಸ್, ಎಎಂ. ಇಂಡೆಕ್ಸ್ 2: ಇನ್‌ವ್ಯಾಲಿಡ್. ಆ ಎರರ್ ಬಂತು ಅಂದರೆ ಬ್ಯಾಂಡ್ ಮುಗಿಯಿತು ಅಂತ. ಎಷ್ಟು ಚೆಂದದ ಉತ್ತರ ಅಲ್ವಾ? ಏನಿದೆ, ಎಲ್ಲಿಂದ ಎಲ್ಲಿಗೆ, ಯಾವ ಥರದ್ದು, ಎಲ್ಲವೂ ಬಂತು. ಯಾವುದೇ ಯಂತ್ರಕ್ಕೆ ಪ್ರೋಗ್ರಾಂ ಬರೆಯುವಾಗ ಇಂಥ ಕರೆ ಇದೆಯಾ ಅಂತ ನಾನು ಈಗ ಮೊದಲು ಹುಡುಕುತ್ತೇನೆ.

ಇನ್ನೊಂದು ತೊಡಕು ಉಳಿದಿತ್ತು. ನಾನು ಹತ್ತು ಹತ್ತು ಕಿಲೋಹರ್ಟ್ಸ್ ಹೆಜ್ಜೆ ಹಾಕಿದ್ದೆ. 670 ಆದ ಮೇಲೆ 680. ಅಪ್ಪನ ಸ್ಟೇಶನ್ ಸರಿಯಾಗಿ ನಡುವೆ! ನಮ್ಮಲ್ಲಿ ಮೀಡಿಯಂ ವೇವ್ ಸ್ಟೇಶನ್‌ಗಳು ಒಂಬತ್ತರ ಮಗ್ಗಿಯಲ್ಲಿ ಇರುತ್ತವೆ. ಬೆಂಗಳೂರಿನ 612, ಧಾರವಾಡದ 765, ಯಾವುದನ್ನು ಬೇಕಾದರೂ ಒಂಬತ್ತರಿಂದ ಭಾಗಿಸಿ ನೋಡಿ. 675 ಅಂದರೆ ಒಂಬತ್ತು ಎಪ್ಪತ್ತೈದಲೆ. 531ರಿಂದ ಶುರುಮಾಡಿ ಒಂಬತ್ತರ ಹೆಜ್ಜೆ ಹಾಕಿಸಿದೆ.

ಭಾನುವಾರ ಬೆಳಿಗ್ಗೆ 675ರಲ್ಲಿ ಏನೋ ಮಾತು ಕೇಳಿಸಿತು. ಅದರ ಮೇಲೆ ಗುಂಯ್ ಅನ್ನೋ ಶಬ್ದ ಬೇರೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತೆ. ಗುಂಯ್ ನಿಂತು, "ಆಕಾಶವಾಣಿ, ಭದ್ರಾವತಿ" ಅಂತ ದನಿ ತಿಳಿಯಾಗಿ ಬಂತು.

ಜಗಲಿಯಿಂದ ಅಪ್ಪ ಲೋಟ ಹಿಡಿದುಕೊಂಡೇ ಒಳಗೆ ಬಂದರು. ನಿಂತೇ ಹವಾಮಾನ ಪೂರ್ತಿ ಕೇಳಿದರು. "ಇನ್ನೂ ಸ್ವಲ್ಪ ಜೋರು ಮಾಡು" ಅಂದರು. ಆಮೇಲೆ ಕಂಬಳಿಕೊಪ್ಪೆ ಹಾಕಿಕೊಂಡು, ಮರ ಹತ್ತುವವರಿಗೆ ಹೇಳಿ ಬರಲು ಕೆಳಗಿನ ಕೇರಿಗೆ ಹೊರಟರು.