ನಿನ್ನೆಯ ಬ್ರೆಡ್ಡು

ತುಮಕೂರಿನ ಬಿ.ಎಚ್. ರಸ್ತೆಯ ಹಳೆಯ ಬೇಕರಿಯೊಂದರಲ್ಲಿ ನಾನು ಮೇಲ್ವಿಚಾರಕನಾಗಿ ಸೇರಿ ಮೂರು ವರ್ಷಗಳಾದವು. ಮುಂಭಾಗದಲ್ಲಿ ಬನ್ನು, ಬ್ರೆಡ್ಡು, ದಿಲ್‌ಪಸಂದ್, ಖಾರಾ ಬಿಸ್ಕತ್ತು ಮತ್ತು ಕಾಂಗ್ರೆಸ್ ಕಡಲೆಬೀಜವನ್ನು ಜೋಡಿಸಿದ ಗಾಜಿನ ಕಪಾಟುಗಳಿವೆ. ಅವುಗಳ ಹಿಂದೆ ಎಂಟು ಮೇಜುಗಳ ಪುಟ್ಟ ಹೋಟೆಲು, ಅದಕ್ಕೂ ಹಿಂದೆ ಸೌದೆಯಿಂದ ಕಾಯಿಸುವ ಇಟ್ಟಿಗೆಯ ಒಲೆ. ನಾನು ಓದಿದ್ದು ಬಿ.ಕಾಂ. ದಾಸ್ತಾನು, ಬಿಲ್ಲು, ಸಂಬಳದ ಪಟ್ಟಿ ನನ್ನ ಕೈಗೆ ಒಗ್ಗಿದ್ದವು. ಮೈದಾ ಹಿಟ್ಟಿನೊಂದಿಗೆ ನನ್ನ ಸಂಬಂಧ ಮೂಟೆ ಎಣಿಸುವುದಕ್ಕಷ್ಟೇ ಸೀಮಿತವಾಗಿತ್ತು.

ಸೇರಿದ ಎರಡನೆಯ ತಿಂಗಳಲ್ಲಿ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಬೆಳಗಿನ ಐದು ಗಂಟೆಗೆ ಹೊಸ ಬ್ರೆಡ್ಡು ಒಲೆಯಿಂದ ಇಳಿಯುತ್ತಿದ್ದರೂ, ಹೋಟೆಲಿನ ಕಾವಲಿಯ ಪಕ್ಕದಲ್ಲಿ ಪ್ರತಿದಿನ ಹಿಂದಿನ ದಿನದ ಬ್ರೆಡ್ಡಿನ ಟ್ರೇ ಇರುತ್ತಿತ್ತು. ಹಳೆಯ ಮಾಲನ್ನು ಕಂಡರೆ ಲೆಕ್ಕದವನಿಗೆ ಗಾಬರಿಯಾಗುವುದು ಸಹಜ. ಪ್ಯಾಕೆಟ್ಟಿನ ಮೇಲೆ ತಯಾರಿಕೆಯ ದಿನಾಂಕವನ್ನು ತಪ್ಪದೆ ನಮೂದಿಸುವ ನಾವು, ತಟ್ಟೆಯಲ್ಲಿ ಮಾತ್ರ ನಿನ್ನೆಯದನ್ನು ಬಡಿಸುವುದು ಗಿರಾಕಿಯ ಕಣ್ಣಿಗೆ ಮಣ್ಣೆರಚಿದಂತೆ ಎಂದು ನನಗೆ ಅನ್ನಿಸಿತು. ಯಜಮಾನರು ಊರಿನಲ್ಲಿರಲಿಲ್ಲ. ಟೋಸ್ಟಿಗೆ ಅಂದಿನ ಬ್ರೆಡ್ಡನ್ನೇ ಬಳಸಬೇಕು, ಉಳಿದದ್ದೆಲ್ಲ ರಸ್ಕಿಗೆ ಹೋಗಬೇಕು ಎಂದು ನಾನೇ ಅಪ್ಪಣೆ ಮಾಡಿದೆ. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಅದೇ ಕಾವಲಿಯ ಮುಂದೆ ನಿಂತಿರುವ ಹಾಸನದ ಕಡೆಯ ಮಾಸ್ಟರ್, "ನೋಡೋಣ ಸಾರ್" ಎಂದರು. ಅದನ್ನು ನಾನು ಒಪ್ಪಿಗೆ ಎಂದು ತಿಳಿದೆ.

ಆ ಕಾರ್ತಿಕ ಮಾಸದ ಒಂದು ಭಾನುವಾರ, ಬೆಳಿಗ್ಗೆ ಏಳೂವರೆಯ ಹೊತ್ತಿಗೆ, ತಿಪಟೂರಿನ ಕಡೆಯಿಂದ ಕಾರಿನಲ್ಲಿ ಒಂದು ಕುಟುಂಬ ಬಂದಿಳಿಯಿತು. ಅಜ್ಜಿ, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ಸಿದ್ಧಗಂಗೆಯ ಬೆಟ್ಟ ಹತ್ತುವುದಕ್ಕೆ ಹೊರಟವರು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನೋಣವೆಂದು ಮಕ್ಕಳು ಹಟ ಹಿಡಿದಿದ್ದರೂ, ಅಜ್ಜಿ ಮಾತ್ರ ಇಲ್ಲಿಯೇ ನಿಲ್ಲಿಸಬೇಕೆಂದು ಪಟ್ಟು ಹಿಡಿದರಂತೆ. ಅವರ ಯಜಮಾನರು ಬದುಕಿದ್ದಾಗ ಜಮೀನಿನ ವ್ಯಾಜ್ಯಕ್ಕೆಂದು ತುಮಕೂರಿನ ಕೋರ್ಟಿಗೆ ಓಡಾಡುತ್ತಿದ್ದರು. ವಾಯಿದೆ ಬಿದ್ದ ದಿನಗಳಲ್ಲೆಲ್ಲ ಇಲ್ಲಿ ಖಾರದ ಟೋಸ್ಟು ತಿಂದು, ಮನೆಗೆ ಒಂದು ಪೌಂಡು ಬ್ರೆಡ್ಡು ಕಟ್ಟಿಸಿಕೊಂಡು ಬರುತ್ತಿದ್ದರೆಂದು ಅವರ ಮಗ ಗಲ್ಲಾದ ಬಳಿ ನಿಂತು ನನಗೆ ತಿಳಿಸಿದರು. ವ್ಯಾಜ್ಯ ಏನಾಯಿತೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಐದು ಟೋಸ್ಟು ಹೋದವು. ಸ್ವಲ್ಪ ಹೊತ್ತಿನ ಬಳಿಕ ನೋಡಿದರೆ ಅಜ್ಜಿಯ ತಟ್ಟೆಯಲ್ಲಿ ಮುಕ್ಕಾಲು ಭಾಗ ಹಾಗೆಯೇ ಇತ್ತು. ಹೋಳಿನ ನಡುಭಾಗ ಈರುಳ್ಳಿ, ಕ್ಯಾರೆಟ್ಟಿನ ಪಲ್ಯದ ಭಾರಕ್ಕೆ ಕುಸಿದು ಬಟ್ಟೆಯಂತೆ ಜೋತುಬಿದ್ದಿತ್ತು; ಅಂಚು ಕಂದಿದ್ದರೂ ಒಳಗೆ ಬೆಣ್ಣೆ ಮತ್ತು ಪಲ್ಯದ ನೀರು ಸೇರಿ ಹಿಟ್ಟಿನ ಮುದ್ದೆಯಾಗಿತ್ತು. ನಾನು ಹತ್ತಿರ ಹೋಗಿ, ರುಚಿಯಾಗಿಲ್ಲವೇ ಅಮ್ಮ ಎಂದು ವಿಚಾರಿಸಿದೆ.

"ರುಚಿ ಐತಪ್ಪ, ಪಲ್ಯ ಮೊದಲಿನ ಹಂಗೇ ಐತೆ. ಬ್ರೆಡ್ಡೇ ಹಸಿ ಹಸಿ. ಬೆಳಿಗ್ಗೆ ಸುಟ್ಟಿದ್ದೋ?"

ಹೌದು, ಈಗಷ್ಟೇ ಇಳಿದದ್ದು, ನಾವು ಟೋಸ್ಟಿಗೆ ಹಳೆಯದನ್ನು ಬಳಸುವುದಿಲ್ಲ ಎಂದು ನಾನು ಹೆಮ್ಮೆಯಿಂದಲೇ ಉತ್ತರಿಸಿದೆ. ಅವರು ನನ್ನ ಮುಖವನ್ನು ಒಮ್ಮೆ ನೋಡಿದರು.

"ಬಿಸಿ ಅನ್ನಕ್ಕೆ ಒಗ್ಗರಣೆ ಹಾಕಿ ಕಲಸಿದ್ರೆ ಚಿತ್ರಾನ್ನ ಉದುರುದುರಾಯ್ತದೇನಪ್ಪ? ಹಳೇದು ಬೇರೆ, ಹಳಸಿದ್ದು ಬೇರೆ."

ಅವರು ಹೊರಟ ಮೇಲೆ ಕಾವಲಿಯ ಬಳಿಗೆ ಹೋದೆ. ಮಾಸ್ಟರ್ ಏನೂ ಹೇಳದೆ, ರಸ್ಕಿಗೆಂದು ಎತ್ತಿಟ್ಟಿದ್ದ ನಿನ್ನೆಯ ಬ್ರೆಡ್ಡಿನಿಂದ ಒಂದು ಹೋಳನ್ನೂ ಅಂದಿನದರಿಂದ ಒಂದು ಹೋಳನ್ನೂ ಅಕ್ಕಪಕ್ಕದಲ್ಲಿ ಹಾಕಿ, ಎರಡಕ್ಕೂ ಅಷ್ಟಷ್ಟೇ ಬೆಣ್ಣೆ ಸವರಿದರು. ಅಂದಿನ ಹೋಳು ಕಾವಲಿಯ ಮೇಲೆ ಮೊದಲು ಬೆವರಿತು. ಸಟ್ಟುಗದಿಂದ ಒತ್ತಿದಲ್ಲಿ ಒತ್ತಿದಂತೆಯೇ ಚಪ್ಪಟೆಯಾಗಿ ಉಳಿಯಿತು. ನಿನ್ನೆಯದು ಒಂದೇ ಸಮನಾದ ಹೊಂಬಣ್ಣಕ್ಕೆ ತಿರುಗಿತು, ಉಗುರಿನಿಂದ ತಟ್ಟಿದರೆ ಸದ್ದು ಬಂತು, ಮುರಿದಾಗ ಒಳಭಾಗ ಮಾತ್ರ ಮೆತ್ತಗಿತ್ತು.

ಇದರ ಕಾರಣವನ್ನು ಆಮೇಲೆ ಓದಿ ತಿಳಿದುಕೊಂಡೆ. ಒಲೆಯಲ್ಲಿ ಬೇಯುವಾಗ ಹಿಟ್ಟಿನ ಪಿಷ್ಟವು ನೀರನ್ನು ಹೀರಿಕೊಂಡು ಉಬ್ಬುತ್ತದೆ. ತಣ್ಣಗಾಗುತ್ತ ಹೋದಂತೆ ಅದೇ ಪಿಷ್ಟದ ಕಣಗಳು ಮತ್ತೆ ಒತ್ತಾಗಿ ಜೋಡಣೆಗೊಂಡು ಒಳತಿರುಳನ್ನು ಗಟ್ಟಿಮಾಡುತ್ತವೆ. ಬ್ರೆಡ್ಡು ಬಿರುಸಾಗುವುದು ನೀರು ಆರುವುದರಿಂದ ಮಾತ್ರವಲ್ಲ, ಈ ಜೋಡಣೆಯಿಂದ ಕೂಡ. ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟುವಂತೆ ಮತ್ತೆ ಬಿಸಿ ಮಾಡಿದರೆ ಆ ಬಿಗಿ ಬಹುಮಟ್ಟಿಗೆ ಸಡಿಲಗೊಳ್ಳುವುದರಿಂದಲೇ ಟೋಸ್ಟಿನ ಒಳಭಾಗ ಮೃದುವಾಗುತ್ತದೆ. ಐದು ಗಂಟೆಗೆ ಇಳಿದ ಬ್ರೆಡ್ಡನ್ನು ಏಳು ಗಂಟೆಗೆ ಕತ್ತರಿಸುತ್ತಿದ್ದ ನಮಗೆ, ನಡುಭಾಗದ ಹಬೆ ಇನ್ನೂ ಹೋಗಿರದ, ಗಟ್ಟಿಯೇ ಆಗಿರದ ಹೋಳು ಸಿಗುತ್ತಿತ್ತು. ಮಿಕ್ಕ ಬ್ರೆಡ್ಡನ್ನು ಕೆಡದಿರಲೆಂದು ಫ್ರಿಜ್ಜಿನಲ್ಲಿ ಇಡಿಸಿದ್ದೂ ನನ್ನದೇ ಬುದ್ಧಿವಂತಿಕೆ. ಬೂಷ್ಟು ತಡವಾಗುವುದೇನೋ ನಿಜ, ಆದರೆ ಆ ತಂಪಿನಲ್ಲಿ ಬ್ರೆಡ್ಡು ಹೊರಗಿಟ್ಟದ್ದಕ್ಕಿಂತ ಬೇಗ ಬಿರುಸಾಗುತ್ತದೆ.

ಮೊದಲೇ ಏಕೆ ಹೇಳಲಿಲ್ಲವೆಂದು ಮಾಸ್ಟರನ್ನು ಕೇಳಿದಾಗ, "ನೀವು ಕೇಳ್ಲಿಲ್ಲ ಸಾರ್, ಹೇಳಿದ್ರಿ" ಎಂದರು. ಅವರ ಮಾತು ಸರಿಯಾಗಿಯೇ ಇತ್ತು. ದಿನಾಂಕದ ಕುರಿತ ನನ್ನ ಕಾಳಜಿ ಕಪಾಟಿನ ಬ್ರೆಡ್ಡಿಗೆ ಇಂದಿಗೂ ಅನ್ವಯಿಸುತ್ತದೆ, ಅದನ್ನು ನಾನು ಬಿಟ್ಟುಕೊಟ್ಟಿಲ್ಲ. ಆದರೆ ಒಂದು ಕಟ್ಟಳೆಯನ್ನು ಕಪಾಟಿನಿಂದ ಕಾವಲಿಗೆ ಸಾಗಿಸುವ ಮುನ್ನ ಕಾವಲಿಯ ಮುಂದೆ ಹತ್ತು ನಿಮಿಷ ನಿಲ್ಲುವಷ್ಟು ವ್ಯವಧಾನ ನನಗಿರಲಿಲ್ಲ.

ಮರುದಿನದಿಂದ ಟೋಸ್ಟಿನ ಟ್ರೇ ಹಿಂದಿನಂತೆ ಬಂತು, ಎರಡು ಷರತ್ತುಗಳೊಂದಿಗೆ. ಹಿಂದಿನ ಬೆಳಿಗ್ಗೆ ಇಳಿದದ್ದಕ್ಕಿಂತ ಹಳೆಯದು ಅದರಲ್ಲಿ ಇರಕೂಡದು. ಮಳೆಗಾಲದ ಥಂಡಿಯಲ್ಲಿ ಮಧ್ಯಾಹ್ನದ ಒಳಗೆ ಮುಗಿಯದಿದ್ದರೆ ಅದು ರಸ್ಕಿಗೆ. ಗೊಂದಲವಾಗದಿರಲೆಂದು ಟ್ರೇಯ ಮೇಲೆ ಸೀಮೆಸುಣ್ಣದಲ್ಲಿ "ನಿನ್ನೆಯದು" ಎಂದು ಬರೆಸಿದೆ. ವಾರದೊಳಗೆ ಗಿರಾಕಿಯೊಬ್ಬರು ಅದನ್ನು ಓದಿ, ಹಳೆಯದನ್ನು ಮಾರುತ್ತೀರಾ ಎಂದು ಗಲ್ಲಾದ ಮುಂದೆ ಜಗಳಕ್ಕೆ ನಿಂತರು. ಪಿಷ್ಟದ ಕಥೆಯನ್ನು ಅವರಿಗೆ ಹೇಳತೊಡಗಿದೆನಾದರೂ ಅವರ ಹಿಂದೆ ಆರು ಮಂದಿ ಬಿಲ್ಲಿಗಾಗಿ ಕಾಯುತ್ತಿದ್ದರು. ಮಾಸ್ಟರ್ ಒಳಗಿನಿಂದ ಅರ್ಧ ಟೋಸ್ಟನ್ನು ತಂದು ಅವರ ಕೈಗೆ ಕೊಟ್ಟರು. ಅವರು ತಿಂದು, ಇನ್ನೊಂದು ಕೊಡಿ ಎಂದರು.

ಸೀಮೆಸುಣ್ಣದ ಬರಹವನ್ನು ಅಂದೇ ಅಳಿಸಿದೆವು. ಈಗ ಆ ಟ್ರೇಗೆ ನೀಲಿ ಬಟ್ಟೆ ಹೊದಿಸುತ್ತೇವೆ.