ಆ್ಯಪ್ ಹಾಕಿಕೊಟ್ಟ ದಿನ

ನಮ್ಮ ಸಂಸ್ಥೆಯ ಗ್ರಾಹಕರ ವಿವರಗಳೆಲ್ಲ ಸಿಆರ್‌ಎಂ ಎಂಬ, ಗ್ರಾಹಕರ ಮಾಹಿತಿಯನ್ನೂ ಅವರೊಂದಿಗಿನ ವ್ಯವಹಾರವನ್ನೂ ಒಂದೆಡೆ ದಾಖಲಿಸುವ ಕಂಪ್ಯೂಟರ್ ವ್ಯವಸ್ಥೆಯೊಳಗೆ ಬಂದು ಎರಡು ವರ್ಷವಾಗಿದ್ದರೂ, ಅದನ್ನು ನಿಜಕ್ಕೂ ಬಳಸುತ್ತಿದ್ದವರು ಕಚೇರಿಯಲ್ಲಿ ಕುಳಿತು ಕೆಲಸ ಮಾಡುವ ನಾಲ್ಕೈದು ಮಂದಿ ಮಾತ್ರ. ಗ್ರಾಹಕರ ಬಳಿಗೆ ಹೋಗಿ ಯಂತ್ರಗಳನ್ನು ನೋಡಿ, ದೂರು ಕೇಳಿಕೊಂಡು, ರಿಪೇರಿ ಮಾಡಿ ಬರುವ 14 ಮಂದಿ ಸಹೋದ್ಯೋಗಿಗಳು ಎಲ್ಲವನ್ನೂ ಡೈರಿಯಲ್ಲಿ ಗುರುತು ಹಾಕಿಕೊಂಡು, ಸಂಜೆಯೋ ಮರುದಿನವೋ ಕಚೇರಿಯವರಿಗೆ ಹೇಳಿ ಬರೆಸುತ್ತಿದ್ದರು. ಒಬ್ಬರ ಬಾಯಿಂದ ಇನ್ನೊಬ್ಬರ ಕೈಗೆ ದಾಟುವಷ್ಟರಲ್ಲಿ ಗ್ರಾಹಕರು ಹೇಳಿದ್ದರಲ್ಲಿ ಅರ್ಧ ಎಲ್ಲೋ ಉಳಿದುಬಿಡುತ್ತಿತ್ತು. ಆದ್ದರಿಂದ ಅದೇ ವ್ಯವಸ್ಥೆಯ ಮೊಬೈಲ್ ಆ್ಯಪನ್ನು ಎಲ್ಲರ ಫೋನಿಗೂ ಹಾಕಿಕೊಡುವ ಕೆಲಸ ನನ್ನ ಪಾಲಿಗೆ ಬಂದಾಗ ನನಗೆ ಸಂತೋಷವೇ ಆಗಿತ್ತು. ಒಂದು ಶನಿವಾರ ಮಧ್ಯಾಹ್ನದೊಳಗೆ ಮುಗಿಯುತ್ತದೆ ಎಂದು ಅಂದಾಜು ಮಾಡಿದ್ದೆ.

ಹಿಂದಿನ ವಾರವೇ ಪ್ರತಿಯೊಬ್ಬರಿಗೂ ಬೇರೆ ಬೇರೆ ಲಾಗಿನ್ ಮಾಡಿಟ್ಟಿದ್ದೆ. ನಾಲ್ಕು ಜನಕ್ಕೆ ಒಂದೇ ಲಾಗಿನ್ ಕೊಟ್ಟರೆ ಖರ್ಚು ಉಳಿಯುತ್ತದೆ ಎಂಬ ಸಲಹೆ ಬಂದಿತ್ತು. ಆಗ ಯಾವ ಮಾತನ್ನು ಯಾರು ಬರೆದರು ಎಂಬುದೇ ತಿಳಿಯುವುದಿಲ್ಲ, ಒಬ್ಬರ ಫೋನ್ ಕಳೆದುಹೋದರೆ ನಾಲ್ವರ ಪಾಸ್‌ವರ್ಡನ್ನೂ ಬದಲಿಸಬೇಕಾಗುತ್ತದೆ ಎಂದು ಹೇಳಿ ಅದನ್ನು ಒಪ್ಪಿರಲಿಲ್ಲ.

ಬೆಳಿಗ್ಗೆ ಮೊದಲ ಮೂರು ಫೋನುಗಳು ಸಲೀಸಾಗಿ ಮುಗಿದವು. ನಾಲ್ಕನೆಯದು ಹೊಸದಾಗಿ ಸೇರಿದ ಹುಡುಗನದು. ಪಾಸ್‌ವರ್ಡ್ ಕೊಟ್ಟ ಮೇಲೆ ದೃಢೀಕರಣ ಆ್ಯಪ್ ತೋರಿಸುವ 6 ಅಂಕಿಯ ಕೋಡನ್ನು ಹಾಕಬೇಕು. ಅವನ ಫೋನಿನಲ್ಲಿ ಮಾತ್ರ ಎಷ್ಟು ಸಲ ಹಾಕಿದರೂ ಕೋಡ್ ತಪ್ಪು ಎಂದೇ ಬರುತ್ತಿತ್ತು. ಅವಸರದಲ್ಲಿ ಅಂಕಿ ತಪ್ಪಿಸುತ್ತಿದ್ದಾನೆಂದು ಭಾವಿಸಿ ನಾನೇ ಹಾಕಿ ನೋಡಿದೆ; ಅವನ ನೋಂದಣಿಯನ್ನು ಅಳಿಸಿ ಎರಡು ಸಲ ಹೊಸದಾಗಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿಸಿದೆ. ಕೊನೆಗೆ ಅವನ ಫೋನನ್ನೂ ನನ್ನದನ್ನೂ ಅಕ್ಕಪಕ್ಕ ಇಟ್ಟಾಗ ಕಂಡದ್ದೇನೆಂದರೆ, ಅವನ ಫೋನಿನ ಗಡಿಯಾರ ನಾಲ್ಕು ನಿಮಿಷ ಮುಂದಿತ್ತು. ಕೆಲಸಕ್ಕೆ ತಡವಾಗಬಾರದೆಂದು ಅವನೇ ಮುಂದಿಟ್ಟುಕೊಂಡಿದ್ದನಂತೆ. ಆ ಕೋಡ್ ಎಸ್‌ಎಂಎಸ್‌ನಂತೆ ಎಲ್ಲಿಂದಲೋ ಬರುವಂಥದ್ದಲ್ಲ. ನೋಂದಣಿಯ ವೇಳೆ ಫೋನಿಗೆ ಸೇರಿದ ಗುಪ್ತ ಕೀಲಿ ಮತ್ತು ಆ ಕ್ಷಣದ ಸಮಯ, ಇವೆರಡನ್ನು ಕೂಡಿಸಿ ಫೋನೇ ಪ್ರತಿ 30 ಸೆಕೆಂಡಿಗೊಮ್ಮೆ ಲೆಕ್ಕ ಹಾಕುತ್ತದೆ. ಅತ್ತ ಸರ್ವರ್ ಕೂಡ ಅದೇ ಲೆಕ್ಕ ಮಾಡುವುದರಿಂದ, ಎರಡೂ ಕಡೆಯ ಗಡಿಯಾರ ಹೆಚ್ಚುಕಡಿಮೆ ಒಂದೇ ಆಗಿರಬೇಕು. ಸಮಯವನ್ನು ನೆಟ್‌ವರ್ಕಿನಿಂದಲೇ ತೆಗೆದುಕೊಳ್ಳುವಂತೆ ಮಾಡಿದ ಕೂಡಲೇ ಲಾಗಿನ್ ಆಯಿತು. ಅಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು.

ಅದಕ್ಕಿಂತ ದೊಡ್ಡ ತಪ್ಪು ನನ್ನ ಕೈಯಿಂದಲೇ ಆಗಿತ್ತು. ಭೇಟಿಯ ವಿವರ ದಾಖಲಿಸುವ ಫಾರಂನಲ್ಲಿ 22 ಕಾಲಂಗಳಿದ್ದವು, ಅವುಗಳಲ್ಲಿ 11 ಕಡ್ಡಾಯ. ಕಂಪ್ಯೂಟರಿಗೆಂದು ನಾನೇ ರೂಪಿಸಿದ ಫಾರಂ ಅದು. ದೊಡ್ಡ ಪರದೆಯಲ್ಲಿ, ಕುರ್ಚಿಯಲ್ಲಿ ಕುಳಿತವರಿಗೆ ಅದು ಹೆಚ್ಚೆನಿಸಿರಲಿಲ್ಲ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ಮೆಕ್ಯಾನಿಕ್ ಒಬ್ಬರು ಅದನ್ನು ಫೋನಿನಲ್ಲಿ ಕೆಳಕ್ಕೆ ಸರಿಸುತ್ತಾ ಹೋದರು. ಸರಿಸಿದಷ್ಟೂ ಕಾಲಂಗಳು ಬರುತ್ತಲೇ ಇದ್ದವು. ಕೊನೆಗೆ ಅವರು ಫೋನನ್ನು ನನ್ನ ಮೇಜಿನ ಮೇಲಿಟ್ಟು, "ಮೇಡಂ, ಒಂದು ಕೈಯಲ್ಲಿ ಟಾರ್ಚ್ ಇರುತ್ತದೆ, ಇನ್ನೊಂದು ಕೈಗೆ ಗ್ರೀಸ್ ಹತ್ತಿರುತ್ತದೆ. ಇಷ್ಟೆಲ್ಲ ಯಾವ ಕೈಯಲ್ಲಿ ತುಂಬಲಿ?" ಎಂದು ಕೇಳಿದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ನಿಜವಾದ ಪ್ರಶ್ನೆಯೇ ಇತ್ತು. ಕಡ್ಡಾಯವೆಂದು ಒತ್ತಾಯಿಸಿದರೆ ಜನ ಏನು ಮಾಡುತ್ತಾರೆಂಬುದು ನನಗೂ ಗೊತ್ತಿತ್ತು. ಕಚೇರಿಯ ದಾಖಲೆಗಳಲ್ಲೇ ಚುಕ್ಕೆಯಿಟ್ಟು ಮುಂದೆ ಹೋದ ಕಾಲಂಗಳನ್ನು, ಸೊನ್ನೆಗಳಷ್ಟೇ ಇರುವ ಫೋನ್ ನಂಬರುಗಳನ್ನು ಬೇಕಾದಷ್ಟು ನೋಡಿದ್ದೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಕಾಲಂ ಓದಿ, "ಇದು ಸ್ಥಳದಲ್ಲೇ ಬೇಕೇ?" ಎಂದು ಕೇಳುತ್ತಾ ಹೋದೆ. ಉಳಿದದ್ದು ಆರು: ಯಾವ ಗ್ರಾಹಕರು, ಯಾವ ಯಂತ್ರ, ಏನು ತೊಂದರೆ, ಏನು ಮಾಡಿದಿರಿ, ಮುಂದೆ ಯಾವಾಗ ಬರಬೇಕು, ಒಂದು ಫೋಟೋ. ಇವುಗಳಲ್ಲಿಯೂ ಮೊದಲ ಎರಡನ್ನು ಪಟ್ಟಿಯಿಂದ ಆರಿಸಿಕೊಂಡರೆ ಸಾಕು. ತೊಂದರೆಯನ್ನು ಬಾಯಲ್ಲಿ ಹೇಳಿದರೆ ಕೀಬೋರ್ಡಿನ ಮೈಕ್ ಅದನ್ನು ಅಕ್ಷರಕ್ಕಿಳಿಸುತ್ತದೆ. ಹೊಸ ಫಾರಂ ತುಂಬಲು ಅವರಿಗೆ ಒಂದು ನಿಮಿಷವೂ ಹಿಡಿಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೂರು ಫೋನುಗಳಲ್ಲಿ ನೋಟಿಫಿಕೇಶನ್ ಬರುತ್ತಿಲ್ಲವೆಂದು ತಿಳಿಯಿತು. 2022ರಲ್ಲಿ ಬಂದ ಆಂಡ್ರಾಯ್ಡ್ 13ರಿಂದೀಚೆಗೆ ಹೊಸ ಆ್ಯಪ್ ನೋಟಿಫಿಕೇಶನ್ ಕಳುಹಿಸಲು ಬಳಸುವವರ ಅನುಮತಿ ಕೇಳಲೇಬೇಕು. ಇಬ್ಬರು ಅಲ್ಲಿ 'ಬೇಡ' ಎಂದು ಒತ್ತಿದ್ದರು. ಮೂರನೆಯವರ ಫೋನಿನಲ್ಲಿ ಬ್ಯಾಟರಿ ಉಳಿಸುವ ವ್ಯವಸ್ಥೆಯೇ ಆ್ಯಪನ್ನು ಮಲಗಿಸಿಬಿಡುತ್ತಿತ್ತು. ಎರಡನ್ನೂ ಸೆಟ್ಟಿಂಗ್ಸ್‌ನಲ್ಲಿ ಸರಿಪಡಿಸಿದೆವು.

ಒಂಬತ್ತು ಫೋನುಗಳು ಮುಗಿದಿದ್ದವು. ಹತ್ತನೆಯವರು ನಮ್ಮ ಮಾರಾಟ ವಿಭಾಗದ ಸಹೋದ್ಯೋಗಿ. ಲೊಕೇಶನ್ ಅನುಮತಿ ಕೇಳುವ ಪರದೆ ಬಂದಾಗ ಅವರು ಬೆರಳನ್ನು ಹಿಂದೆ ತೆಗೆದುಕೊಂಡು, ಉಳಿದವರಿಗೆ ಕೇಳಿಸದಂತೆ ಮೆಲ್ಲಗೆ, "ಇದಕ್ಕೆ ಹೂಂ ಅಂದರೆ, ನಾನು ಮನೆಗೆ ಹೋದ ಮೇಲೂ ನೀವು ನೋಡಬಹುದಾ ಮೇಡಂ?" ಎಂದರು. ನೋಡಲಾಗದು ಎಂದು ಹೇಳುವವಳಿದ್ದೆ. ಆದರೆ ನಾನು ಅದನ್ನು ಪರೀಕ್ಷಿಸಿಯೇ ಇರಲಿಲ್ಲ. ಎಲ್ಲರಿಗೂ ಹಂಚಿದ್ದ ಹಾಳೆಯಲ್ಲಿ 'ಆ್ಯಪ್ ಕೇಳುವ ಅನುಮತಿಗಳಿಗೆಲ್ಲ ಒಪ್ಪಿಗೆ ಕೊಡಿ' ಎಂದು ನಾನೇ ಬರೆದಿದ್ದೆ. ಅವರೆದುರಿಗೇ ಅಡ್ಮಿನ್ ಪುಟ ತೆರೆದು ನೋಡಿದೆ. ನಕ್ಷೆಯ ಮೇಲೆ ಒಂಬತ್ತು ನೀಲಿ ಚುಕ್ಕೆಗಳು ಕಾಣಿಸಿದವು. ಊಟಕ್ಕೆಂದು ಹೊರಗೆ ಹೋಗಿದ್ದ ಇಬ್ಬರು ಯಾವ ಬೀದಿಯಲ್ಲಿದ್ದಾರೆ, ಅಲ್ಲಿಗೆ ಯಾವ ದಾರಿಯಲ್ಲಿ ಹೋದರು ಎಂಬುದೂ ಗೆರೆ ಎಳೆದಂತೆ ತಿಳಿಯುತ್ತಿತ್ತು. ನೇರ ಲೊಕೇಶನ್ ತೋರಿಸುವ ಆ ಆಯ್ಕೆ ವ್ಯವಸ್ಥೆಯಲ್ಲಿ ಮೊದಲಿನಿಂದಲೇ ಚಾಲೂ ಆಗಿತ್ತು, ನಾನು ಗಮನಿಸಿರಲಿಲ್ಲ. ಆ ಫೋನುಗಳೆಲ್ಲ ಅವರವರು ಸ್ವಂತ ಹಣದಲ್ಲಿ ಕೊಂಡವು, ರಾತ್ರಿ ದಿಂಬಿನ ಪಕ್ಕದಲ್ಲಿರುವಂಥವು. ಆ ಚುಕ್ಕೆಗಳನ್ನು ನೋಡುತ್ತಾ ನನಗೆ ಬಹಳ ಕಸಿವಿಸಿಯಾಯಿತು.

ಕೆಲಸ ನಿಲ್ಲಿಸಿ ಮ್ಯಾನೇಜರ್ ಬಳಿಗೆ ಹೋದೆ. ಸಿಬ್ಬಂದಿ ಗ್ರಾಹಕರ ಬಳಿಗೆ ಹೋದರೋ ಇಲ್ಲವೋ ತಿಳಿಯುವುದು ಬೇಡವೇ ಎಂಬುದು ಅವರ ಪ್ರಶ್ನೆ. ಅದು ತಪ್ಪು ಪ್ರಶ್ನೆಯೇನಲ್ಲ. ಆದರೆ ಅದಕ್ಕೆ ಭೇಟಿಯ ಆರಂಭದಲ್ಲಿ 'ಚೆಕ್-ಇನ್' ಬಟನ್ ಒತ್ತಿದ ಕ್ಷಣದ ಸ್ಥಳವೊಂದೇ ಸಾಕು, ದಿನವಿಡೀ ಹಿಂಬಾಲಿಸಬೇಕಾಗಿಲ್ಲ ಎಂದು ವಾದಿಸಿದೆ. ಸ್ವಲ್ಪ ಯೋಚಿಸಿ ಅವರು ಒಪ್ಪಿದರು. ಅಡ್ಮಿನ್ ಕಡೆ ನೇರ ಲೊಕೇಶನ್ ಆಯ್ಕೆಯನ್ನು ತೆಗೆದುಹಾಕಿ, ಒಂಬತ್ತೂ ಫೋನುಗಳನ್ನು ಮತ್ತೆ ಕೈಗೆ ತೆಗೆದುಕೊಂಡು, ಅನುಮತಿಯನ್ನು 'ಆ್ಯಪ್ ಬಳಸುವಾಗ ಮಾತ್ರ' ಎಂಬುದಕ್ಕೆ ಬದಲಿಸಿದೆ. ಕಾಂಟ್ಯಾಕ್ಟ್ಸ್ ಮತ್ತು ಕರೆಗಳ ಪಟ್ಟಿ ನೋಡುವ ಅನುಮತಿಗಳನ್ನೂ ತೆಗೆದೆ; ಗ್ರಾಹಕರ ನಂಬರುಗಳೆಲ್ಲ ವ್ಯವಸ್ಥೆಯಲ್ಲೇ ಇರುವಾಗ ಸಿಬ್ಬಂದಿಯ ಬಂಧುಬಳಗದ ನಂಬರುಗಳು ನಮಗೇಕೆ? ಆಮೇಲೆ ಆ ಸಹೋದ್ಯೋಗಿ ತಮ್ಮ ಫೋನಿನಲ್ಲಿ ಚೆಕ್-ಇನ್ ಮಾಡಿ, ಆ್ಯಪ್ ಮುಚ್ಚಿ, ಗೇಟಿನವರೆಗೆ ನಡೆದು ಹೋಗಿ ಬಂದರು. ನಾನು ಪರದೆ ನೋಡುತ್ತಾ ಕುಳಿತಿದ್ದೆ. ಚೆಕ್-ಇನ್ ಮಾಡಿದ ಜಾಗದ ಒಂದು ಗುರುತು ಬಿಟ್ಟರೆ ಮತ್ತೇನೂ ಇರಲಿಲ್ಲ. ಅವರೂ ಬಂದು ಅದನ್ನು ಕಣ್ಣಾರೆ ನೋಡಿ, ಉಳಿದ ಸೆಟ್ಟಿಂಗನ್ನು ತಾವೇ ಮುಗಿಸಿಕೊಂಡರು.

ಕೊನೆಯ ಪರೀಕ್ಷೆಯನ್ನು ನೆಲಮಾಳಿಗೆಯಲ್ಲಿ ಮಾಡಿದೆವು, ಅಲ್ಲಿ ಸಿಗ್ನಲ್ ಸಿಗುವುದಿಲ್ಲ. ಇಬ್ಬರು ಒಬ್ಬರೇ ಗ್ರಾಹಕರ ಪುಟದಲ್ಲಿ ಬೇರೆ ಬೇರೆ ಟಿಪ್ಪಣಿ ಬರೆದು ಮೇಲೆ ಬಂದರು. ಸಿಂಕ್ ಆದ ಮೇಲೆ, ಅಂದರೆ ಫೋನಿನಲ್ಲಿ ಬರೆದದ್ದು ಸರ್ವರಿಗೆ ಸೇರಿದ ಮೇಲೆ, ನೋಡಿದರೆ ನಂತರ ಬಂದದ್ದು ಮೊದಲು ಬಂದದ್ದನ್ನು ಅಳಿಸಿಹಾಕಿತ್ತು. ಹೀಗಾಗಿ ಗ್ರಾಹಕರ ಮೂಲ ಪುಟವನ್ನು ಫೋನಿನಿಂದ ತಿದ್ದುವ ಅಧಿಕಾರವನ್ನು ಹಿಂತೆಗೆದುಕೊಂಡು, ಪ್ರತಿ ಭೇಟಿಯೂ ಆ ಪುಟದ ಕೆಳಗೆ ಹೊಸ ದಾಖಲೆಯಾಗಿಯೇ ಸೇರುವಂತೆ ಮಾಡಿದೆ. ಇನ್ನೊಮ್ಮೆ ಇಳಿದು ಹತ್ತಿ ಬಂದಾಗ ಎರಡೂ ಟಿಪ್ಪಣಿಗಳು ಒಂದರ ಕೆಳಗೊಂದು ಉಳಿದಿದ್ದವು. ಆಗ ಸಂಜೆ ಏಳು ದಾಟಿತ್ತು, ಎರಡು ಫೋನುಗಳು ಇನ್ನೂ ಬಾಕಿಯಿದ್ದವು.

ಸೋಮವಾರ ಬೆಳಿಗ್ಗೆ 11ರ ಸುಮಾರಿಗೆ ನನ್ನ ಪರದೆಯಲ್ಲಿ ಮೊದಲ ದಾಖಲೆ ಕಾಣಿಸಿತು. ಆ ಹಿರಿಯ ಮೆಕ್ಯಾನಿಕ್ ಕಳುಹಿಸಿದ್ದು: ಮೋಟಾರಿನ ಬೇರಿಂಗ್ ಸದ್ದು ಮಾಡುತ್ತಿದೆ, ಈಗ ಗ್ರೀಸ್ ಹಾಕಿದ್ದೇನೆ, ಬದಲಿಸದಿದ್ದರೆ ತಿಂಗಳೊಳಗೆ ನಿಲ್ಲುತ್ತದೆ ಎಂದಿತ್ತು, ಜೊತೆಗೆ ಟಾರ್ಚಿನ ಬೆಳಕಿನಲ್ಲಿ ತೆಗೆದ ಒಂದು ಫೋಟೋ. ಅವರು ಅಲ್ಲಿಂದ ಹೊರಡುವ ಮುನ್ನವೇ ನಾವು ಬೇರಿಂಗಿಗೆ ಆರ್ಡರ್ ಹಾಕಿದೆವು.